‘ಮಂಗಳೂರು, ಕೇರಳ’: ವಡೋದರದಿಂದ ಬದಿಯಡ್ಕಕ್ಕೆ ನನ್ನ ಕಾರು ಬಂದ ಬಗೆ

2025ರ ಅಕ್ಟೋಬರ್ 3ರ ಬೆಳಗ್ಗೆ ವಡೋದರದ ನಮ್ಮ ಬಾಡಿಗೆ ಮನೆಯ ಗೇಟಿನಿಂದ ಹೊರಟ ಕಾರು ನವೆಂಬರ್ 3ರ ಮಧ್ಯಾಹ್ನ ಮಂಗಳೂರಿನ ಬೈಕಂಪಾಡಿಯಲ್ಲಿ ನನ್ನ ಕೈ ಸೇರಿತು. ಸಾಗಾಟದವರು ಹೇಳಿದ್ದು ಏಳರಿಂದ ಒಂಬತ್ತು ದಿನ. ಹಿಡಿದದ್ದು ಸರಿಯಾಗಿ ಒಂದು ತಿಂಗಳು. ಈ ಒಂದು ತಿಂಗಳಲ್ಲಿ ನಾನು ಕಲಿತದ್ದರಲ್ಲಿ ಅರ್ಧದಷ್ಟಾದರೂ ಮೊದಲೇ ಯಾರಾದರೂ ಹೇಳಿದ್ದರೆ ಎಷ್ಟೋ ರಾತ್ರಿಗಳ ನಿದ್ದೆ ಉಳಿಯುತ್ತಿತ್ತು. ಕಾಸರಗೋಡಿನ ಕಡೆಗೆ ಮರಳಿ ಬರುವ ಯೋಚನೆಯಲ್ಲಿರುವ ನಮ್ಮವರಿಗೆ ಉಪಯೋಗವಾದೀತೆಂದು ನಡೆದುದನ್ನು ನಡೆದ ಹಾಗೆ ಬರೆದಿಡುತ್ತಿದ್ದೇನೆ.

ವಡೋದರದ ಹತ್ತಿರ ನಂದೇಸರಿಯ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆರಡು ವರ್ಷ ದುಡಿದು, ಅಮ್ಮನಿಗೆ ಪ್ರಾಯವಾಯಿತು, ತೋಟ ನೋಡಿಕೊಳ್ಳುವವರಿಲ್ಲ ಎಂಬ ಕಾರಣಕ್ಕೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಮನೆಗೆ ಮರಳಲು ನಿಶ್ಚಯಿಸಿದೆವು. ಮನೆಸಾಮಾನನ್ನು ಹೆಚ್ಚುಕಡಿಮೆ ಅಲ್ಲಿಯೇ ಮಾರಿದೆವು. ಉಳಿದದ್ದು 2018ರ ವ್ಯಾಗನ್ ಆರ್. ಅದನ್ನೂ ಮಾರಿ ಊರಿನಲ್ಲಿ ಬೇರೆ ಕೊಳ್ಳಬಹುದಿತ್ತು. ಆದರೆ ಐವತ್ತು ಸಾವಿರ ಕಿಲೋಮೀಟರ್ ಕೂಡ ಓಡದ, ಒಮ್ಮೆಯೂ ಕೈಕೊಡದ ಗಾಡಿಯನ್ನು ಕೇಳಿದ ಬೆಲೆಗೆ ಕೊಟ್ಟುಬಿಡಲು ಮನಸ್ಸು ಬರಲಿಲ್ಲ.

ನಾನೇ ಓಡಿಸಿಕೊಂಡು ಬರುವುದು ಸುಲಭದ ದಾರಿಯಾಗಿತ್ತು. ಸಾವಿರದ ಮುನ್ನೂರು ಕಿಲೋಮೀಟರಿಗೆ ಮೀರಿದ ಹಾದಿ, ಮೂರು ದಿನದ ಪ್ರಯಾಣ. ಆದರೆ ಬೆನ್ನುಹುರಿಯ ತೊಂದರೆಯಿಂದಾಗಿ ಒಂದು ಗಂಟೆಗಿಂತ ಹೆಚ್ಚು ಚಾಲಕನ ಸೀಟಿನಲ್ಲಿ ಕುಳಿತುಕೊಳ್ಳಬಾರದೆಂದು ವೈದ್ಯರು ಹೇಳಿಯಾಗಿತ್ತು. ಚಾಲಕನನ್ನು ಗೊತ್ತುಮಾಡುವ ಲೆಕ್ಕವನ್ನೂ ಹಾಕಿ ನೋಡಿದೆ. ಪೆಟ್ರೋಲಿಗೆ ಏಳು ಸಾವಿರಕ್ಕಿಂತ ಮೇಲೆ, ಟೋಲ್, ಅವನ ದಿನಗೂಲಿ, ಎರಡು ರಾತ್ರಿಯ ವಸತಿ, ಹಿಂದಿರುಗುವ ರೈಲಿನ ಟಿಕೆಟ್ ಎಲ್ಲ ಸೇರಿ ಹದಿನೇಳು ಸಾವಿರಕ್ಕೆ ಬಂದು ನಿಂತಿತು. ಈಗ ಯೋಚಿಸಿದರೆ ಅದೇ ಒಳ್ಳೆಯದಿತ್ತೇನೋ. ಆಗ ಮಾತ್ರ, ಪರಿಚಯವಿಲ್ಲದವನ ಕೈಗೆ ಗಾಡಿ ಕೊಡುವುದಕ್ಕಿಂತ ಕಂಪೆನಿಗೆ ಒಪ್ಪಿಸುವುದೇ ಕ್ಷೇಮ ಎಂದುಕೊಂಡೆ.

ರೈಲಿನ ವಿಚಾರವನ್ನೂ ಹಲವರು ಹೇಳಿದರು. ಕೊಂಕಣ ರೈಲ್ವೆಯು 1999ರಿಂದ ಲಾರಿಗಳನ್ನು ರೈಲಿನ ಮೇಲೇರಿಸಿ ಸಾಗಿಸುತ್ತಿದೆ. ಅದೇ ಮಾದರಿಯಲ್ಲಿ 2025ರ ಆಗಸ್ಟ್‌ನಲ್ಲಿ, ಗಣೇಶ ಚೌತಿಯ ಹೊತ್ತಿಗೆ, ಖಾಸಗಿ ಕಾರುಗಳಿಗಾಗಿ ಮಹಾರಾಷ್ಟ್ರದ ಕೋಲಾಡ್‌ನಿಂದ ಗೋವಾದ ವೆರ್ಣಾಕ್ಕೆ ಸೇವೆ ಆರಂಭಿಸಿತು. ಒಂದು ಕಾರಿಗೆ 7,875 ರೂಪಾಯಿ. ಆದರೆ ವಡೋದರದಿಂದ ಕೋಲಾಡ್‌ವರೆಗೂ ವೆರ್ಣಾದಿಂದ ಬದಿಯಡ್ಕದವರೆಗೂ ನಾವೇ ಓಡಿಸಬೇಕು, ಮೇಲಾಗಿ ನಾವು ಹೊರಡುವ ಹೊತ್ತಿಗೆ ಚೌತಿಯ ಓಡಾಟ ಮುಗಿದಿತ್ತು. ಅದನ್ನು ಕೈಬಿಟ್ಟೆ.

ಸಾಗಾಟಕ್ಕೆ ಮೊದಲು ಆಗಬೇಕಾದ ಕೆಲಸವೆಂದರೆ ಆರ್‌ಟಿಓದ ನಿರಾಕ್ಷೇಪಣಾ ಪತ್ರ, ಎಲ್ಲರೂ ಹೇಳುವ ಎನ್‌ಓಸಿ. ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಗಾಡಿ ಇರುವುದಾದರೆ ಅಲ್ಲಿಯ ನೋಂದಣಿ ಸಂಖ್ಯೆ ಪಡೆಯಬೇಕೆಂದು 1988ರ ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಹೇಳುತ್ತದೆ. ಅದಕ್ಕೆ ಮೂಲ ಆರ್‌ಟಿಓದಿಂದ ನಮೂನೆ 28ರಲ್ಲಿ ಎನ್‌ಓಸಿ ಬೇಕು. ಊರಿಗೆ ಬಂದ ಮೇಲೆ ಮಾಡಿಸೋಣ ಎಂದು ಬಿಟ್ಟವರು ಆ ಒಂದು ಕಾಗದಕ್ಕಾಗಿ ಮತ್ತೆ ರೈಲು ಹತ್ತಿದ್ದನ್ನು ಕೇಳಿದ್ದೇನೆ. ನನಗೆ ಇದರಲ್ಲಿ ಎರಡು ಗಂಟುಗಳು ಎದುರಾದವು. ಮೊದಲನೆಯದು, ಸಾಲ ತೀರಿ ನಾಲ್ಕು ವರ್ಷವಾಗಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೆಯೇ ಉಳಿದಿತ್ತು. ಬ್ಯಾಂಕಿನಿಂದ ಹೊಸದಾಗಿ ಪತ್ರ ತಂದು, ನಮೂನೆ 35 ಕೊಟ್ಟು ಅದನ್ನು ತೆಗೆಸಬೇಕಾಯಿತು. ಎರಡನೆಯದು, ನಮಗೆ ಗೊತ್ತೇ ಇಲ್ಲದ ಎರಡು ಇ-ಚಲನ್. ಅವುಗಳ ದಂಡ ಕಟ್ಟುವವರೆಗೆ ಅರ್ಜಿ ಮುಂದೆ ಹೋಗಲಿಲ್ಲ. ಚಾಸಿ ಸಂಖ್ಯೆಯ ಪೆನ್ಸಿಲ್ ಅಚ್ಚು, ವಿಮೆ, ಹೊಗೆ ತಪಾಸಣೆಯ ಪತ್ರ, ಗಾಡಿ ಕದ್ದದ್ದಲ್ಲವೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯ (ಎನ್‌ಸಿಆರ್‌ಬಿ) ದಾಖಲೆಯಿಂದ ಪಡೆದ ವರದಿ, ಇವೆಲ್ಲ ಸೇರಿ ಹತ್ತೊಂಬತ್ತು ದಿನ ಹಿಡಿಯಿತು.

ಇನ್ನೊಂದು ಅನಾಹುತ ಕೂದಲೆಳೆಯಲ್ಲಿ ತಪ್ಪಿತು. ಅರ್ಜಿ ತುಂಬಿಸಿದ ಏಜೆಂಟ್, ನಾನು ‘ಮಂಗಳೂರಿನ ಹತ್ತಿರ’ ಎಂದು ಹೇಳಿದ್ದನ್ನು ಕೇಳಿ ರಾಜ್ಯದ ಜಾಗದಲ್ಲಿ ಕರ್ನಾಟಕವನ್ನೂ ಕಚೇರಿಯ ಜಾಗದಲ್ಲಿ ಮಂಗಳೂರನ್ನೂ ಆರಿಸಿದ್ದ. ಕೊನೆಯ ಗುಂಡಿ ಒತ್ತುವ ಮೊದಲು ಸುಮ್ಮನೆ ಇಣುಕಿ ನೋಡಿದ್ದರಿಂದ ಬಚಾವಾದೆ. ನಮ್ಮ ಜಿಲ್ಲೆಯವರು ಹೊರಗಿನವರೊಡನೆ ಊರು ಹೇಳುವಾಗ ಅಭ್ಯಾಸಬಲದಿಂದ ಮಂಗಳೂರಿನ ಹೆಸರು ಹಿಡಿಯುತ್ತೇವೆ. ಎನ್‌ಓಸಿಗೆ ಅದು ಸಲ್ಲದು. ಅಲ್ಲಿ ಇರಬೇಕಾದದ್ದು ಕೇರಳ, ಕಾಸರಗೋಡು, ಕೆಎಲ್ 14. ಆದರೆ ಲಾರಿಯವರ ಬಳಿ ಹೋದಾಗ ಇದೇ ವಿಷಯ ತಿರುಗುಮುರುಗಾಗುತ್ತದೆ.

ಸೆಪ್ಟೆಂಬರ್ ಕೊನೆಯ ವಾರ ಐದಾರು ಸಾಗಾಟ ಕಂಪೆನಿಗಳಿಗೆ ವಿಚಾರಿಸಿದೆ. ಎಲ್ಲರೂ ಮೊದಲು ಕೇಳುವುದು ಪಿನ್ ಕೋಡ್. ನಮ್ಮ ಪಿನ್ 671ರಿಂದ ಆರಂಭವಾಗುವುದರಿಂದ ಅವರ ಯಂತ್ರ ಕೇರಳವೆಂದು ಗುರುತಿಸಿ, ಕೊಚ್ಚಿಗೆ ದರ ಹಾಕುತ್ತದೆ. ಹಾಗೆ ಬಂದ ದರ 26,000 ರೂಪಾಯಿ. ಕೊಚ್ಚಿಯಿಂದ ನಮ್ಮ ಮನೆಗೆ ಬೇರೆ. ಮನೆ ಬಾಗಿಲಿನಿಂದ ಸುಮಾರು ಅರುವತ್ತು ಕಿಲೋಮೀಟರಿನಲ್ಲಿ ಮಂಗಳೂರು ಇರುವಾಗ ನನ್ನ ಕಾರು ಮುನ್ನೂರೈವತ್ತು ಕಿಲೋಮೀಟರ್ ದಕ್ಷಿಣಕ್ಕೆ ಹೋಗಿ ತಿರುಗಿ ಬರುವುದೆಂದರೇನು? ಮಂಗಳೂರಿನ ಪಿನ್ ಹಾಕಿ ಮತ್ತೆ ಕೇಳಿದಾಗ ಅದೇ ಕಂಪೆನಿ 19,500ಕ್ಕೆ ಇಳಿಯಿತು. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯವರೆಲ್ಲ ವಿಲೇವಾರಿಯ, ಎಂದರೆ ಗಾಡಿ ತಲುಪಿಸುವ, ಊರಾಗಿ ಮಂಗಳೂರನ್ನೇ ಕೊಡುವುದು ಲೇಸು; ಕಾಞಂಗಾಡಿನಿಂದ ಆಚೆಯವರು ಎರಡೂ ಕಡೆಯ ದರವನ್ನು ಕೇಳಿ ನೋಡಬಹುದು.

ಹದಿಮೂರು ಸಾವಿರಕ್ಕೆ ತಲುಪಿಸುತ್ತೇನೆ ಎಂದವರೂ ಇದ್ದರು. ಅವರ ಜಿಎಸ್‌ಟಿ ಸಂಖ್ಯೆ ಕೇಳಿದ ಕೂಡಲೇ ಫೋನು ಮೌನವಾಯಿತು. ಬಿಲ್ಲಿನಲ್ಲಿರುವ ಜಿಎಸ್‌ಟಿ ಸಂಖ್ಯೆಯನ್ನು ಸರಕಾರದ ಜಾಲತಾಣದಲ್ಲಿ ಹಾಕಿ ನೋಡಿದರೆ ಹೆಸರು ಹೊಂದುತ್ತದೆಯೋ ಇಲ್ಲವೋ ತಿಳಿಯುತ್ತದೆ. ರಸ್ತೆ ಸಾಗಾಟದವರು 2007ರ ರಸ್ತೆ ಸರಕು ಸಾಗಾಟ ಕಾಯ್ದೆಯಂತೆ ನೋಂದಾಯಿಸಿಕೊಂಡಿರಬೇಕು. ಆ ಸಂಖ್ಯೆಯನ್ನೂ ಕೇಳಬೇಕು. ಮಧ್ಯವರ್ತಿಗಳು ಇದನ್ನು ಕೊಡಲಾರರು. ನಾನು ಆರಿಸಿದ ಕಂಪೆನಿಯ ಬಳಿ ಎರಡೂ ಇದ್ದವು. ಹೆಸರನ್ನು ಬರೆಯುವುದಿಲ್ಲ, ಅವರಿಂದ ತೊಂದರೆಯಾದದ್ದು ನಿಜ, ಕೊನೆಗೆ ಲೆಕ್ಕ ಸರಿಮಾಡಿದ್ದೂ ನಿಜ.

ತೆರೆದ ಟ್ರೇಲರಿಗೆ 17,000, ಮುಚ್ಚಿದ ಕಂಟೈನರಿಗೆ 19,500 ಎಂದರು. ದೂಳು, ಕಲ್ಲೇಟು, ಮಳೆ ಎಂದೆಲ್ಲ ಯೋಚಿಸಿ ಮುಚ್ಚಿದ್ದನ್ನೇ ಒಪ್ಪಿದೆ. ಶೇಕಡಾ 18 ಜಿಎಸ್‌ಟಿ ಸೇರಿ ಒಟ್ಟು 23,010 ರೂಪಾಯಿ. ಕಾರು ಎತ್ತುವಾಗಲೇ ಶೇಕಡಾ 90 ಕೊಡಬೇಕೆಂದು ಅವರ ಹಟ. ಎರಡು ದಿನ ಚೌಕಾಶಿ ಮಾಡಿ, ಮುಂಗಡ ಸೇರಿ ಅರ್ಧ ಈಗ, ಉಳಿದರ್ಧ ಕಾರು ಕಣ್ಣೆದುರು ಇಳಿದ ಮೇಲೆ ಎಂದು ಮಿಂಚಂಚೆಯಲ್ಲಿ ಬರೆಸಿಕೊಂಡೆ. ಇಡೀ ವ್ಯವಹಾರದಲ್ಲಿ ನಾನು ಮಾಡಿದ ಬುದ್ಧಿವಂತಿಕೆಯ ಕೆಲಸ ಇದೊಂದೇ.

ವಿಮೆಯ ವಿಷಯ ತುಸು ವಿವರವಾಗಿ ಹೇಳಬೇಕು. ‘ಟ್ರಾನ್ಸಿಟ್ ಇನ್ಶೂರೆನ್ಸ್ ನಮ್ಮಲ್ಲಿ ಉಚಿತ’ ಎಂದು ಕಂಪೆನಿಯವರು ಹೇಳಿದರು. ಪಾಲಿಸಿಯ ಪ್ರತಿ ಕೊಡಿ ಎಂದರೆ ಇಲ್ಲ. ಬಿಲ್ಟಿಯ, ಎಂದರೆ ಸಾಗಾಟದವರು ಕೊಡುವ ಸರಕು ರಶೀದಿಯ, ಕೆಳಗಡೆ ಸಣ್ಣ ಅಕ್ಷರದಲ್ಲಿ ‘ಮಾಲಕರ ಹೊಣೆಯಲ್ಲಿ’ ಎಂದು ಅಚ್ಚಾಗಿತ್ತು. ಹೆಚ್ಚಿನ ಅಪಾಯದ ದರ ಕೊಟ್ಟು ಬರೆಸಿಕೊಳ್ಳದಿದ್ದರೆ ಸಾಗಾಟದವರ ಹೊಣೆಗಾರಿಕೆ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತವಾಗಿರುತ್ತದೆ. ಎಂದರೆ ನನ್ನ ಕಾರು ಪೂರ್ತಿ ಹೋದರೂ ಹೆಚ್ಚೆಂದರೆ 1,95,000 ರೂಪಾಯಿ. ಗಾಬರಿಯಿಂದ ನನ್ನದೇ ಕಾರಿನ ವಿಮಾ ಪತ್ರವನ್ನು ತೆಗೆದು ಓದಿದೆ, ಏಳು ವರ್ಷದಲ್ಲಿ ಮೊದಲ ಬಾರಿಗೆ. ಸ್ವಂತ ಹಾನಿಯ ಭಾಗದಲ್ಲಿ ಬೆಂಕಿ, ಕಳ್ಳತನ, ನೆರೆ, ಭೂಕುಸಿತಗಳ ಜೊತೆಗೆ ರಸ್ತೆ, ರೈಲು, ಒಳನಾಡು ಜಲಮಾರ್ಗ, ಲಿಫ್ಟ್ ಅಥವಾ ವಿಮಾನದ ಮೂಲಕ ಸಾಗಿಸುವಾಗ ಆಗುವ ಹಾನಿಯೂ ಸೇರಿದೆಯೆಂದು ಸ್ಪಷ್ಟವಾಗಿ ಬರೆದಿತ್ತು. ವಿಮಾ ಕಚೇರಿಗೆ ಫೋನು ಮಾಡಿ ಖಚಿತಪಡಿಸಿಕೊಂಡೆ. ಸಮಗ್ರ ವಿಮೆ ಇದ್ದವರಿಗೆ ಈ ರಕ್ಷಣೆ ಕೈಯಲ್ಲೇ ಇದೆ. ಬರಿಯ ಥರ್ಡ್ ಪಾರ್ಟಿ ವಿಮೆ ಇದ್ದವರಿಗೆ ಇಲ್ಲ, ಅವರು ಬೇರೆಯಾಗಿ ಮಾಡಿಸಿಕೊಳ್ಳಲೇಬೇಕು. ಸಣ್ಣಪುಟ್ಟ ಗೀರಿಗೆ ಕ್ಲೇಮು ಮಾಡಿದರೆ ನೋ ಕ್ಲೇಮ್ ಬೋನಸ್ ಹೋಗುತ್ತದೆ ಎಂಬುದನ್ನೂ ಲೆಕ್ಕಕ್ಕಿಟ್ಟುಕೊಳ್ಳಬೇಕು.

ಸರಕು ಸಾಗಾಟಕ್ಕೆ ಜಿಎಸ್‌ಟಿ ನಿಯಮದಂತೆ ಬೇಕಾಗುವ ಇ-ವೇ ಬಿಲ್ ಮಾಡಿಸಲು ಐನೂರು ರೂಪಾಯಿ ಬೇಕೆಂದೂ ಕೇಳಿದರು. ಬಳಸಿದ ವೈಯಕ್ತಿಕ ಮತ್ತು ಗೃಹೋಪಯೋಗಿ ವಸ್ತುಗಳಿಗೆ ಇ-ವೇ ಬಿಲ್ ಬೇಕಾಗಿಲ್ಲವೆಂಬ ನಿಯಮವನ್ನು ತೋರಿಸಿದ ಮೇಲೆ ಆ ಮಾತು ಮತ್ತೆ ಎತ್ತಲಿಲ್ಲ.

ವಿಜಯದಶಮಿಯ ಮರುದಿನ ಬೆಳಗ್ಗೆ ಒಬ್ಬ ಹುಡುಗ ಬಂದ. ಟ್ರೇಲರ್ ಮನೆಯ ಮುಂದೆ ಬರುವುದಿಲ್ಲ. ಊರ ಹೊರಗಿನ ಯಾರ್ಡಿಗೆ ಅವನೇ ಓಡಿಸಿಕೊಂಡು ಹೋಗುವುದು. ನಾನು ಕಾರನ್ನು ಹಿಂದಿನ ದಿನ ತೊಳೆಸಿದ್ದೆ, ಯಾಕೆಂದರೆ ದೂಳು ಇದ್ದರೆ ಹಳೆಯ ಗೀರು ಯಾವುದು, ಹೊಸದು ಯಾವುದು ಎಂದು ಫೋಟೋದಲ್ಲಿ ಕಾಣುವುದಿಲ್ಲ. ನಾಲ್ಕೂ ಬದಿ, ಮಾಡು, ಗಾಲಿಗಳು, ಕನ್ನಡಿಗಳು, ಸ್ಟೆಪ್ನಿ, ಜಾಕ್, ಒಳಗಿನ ಸೀಟು ಎಲ್ಲದರ ಫೋಟೋ ತೆಗೆದೆ. ಮೀಟರಿನಲ್ಲಿ 48,212 ಇತ್ತು. ಅದನ್ನು ಅವರ ತಪಾಸಣಾ ಪಟ್ಟಿಯಲ್ಲಿ ಬರೆಸಿ ಹುಡುಗನ ಸಹಿ ಹಾಕಿಸಿಕೊಂಡೆ. ಟ್ಯಾಂಕಿನಲ್ಲಿ ಐದು ಲೀಟರಿನಷ್ಟು ಪೆಟ್ರೋಲ್ ಮಾತ್ರ ಬಿಟ್ಟಿದ್ದೆ. ಒಂದು ಕೀಲಿ ಕೊಟ್ಟೆ, ಇನ್ನೊಂದನ್ನು ಇಟ್ಟುಕೊಂಡೆ. ಆರ್‌ಸಿ, ವಿಮೆಗಳ ನಕಲು ಪ್ರತಿ ಮಾತ್ರ. ಮಡದಿ ಹಿಂದಿನ ಸೀಟಿನಲ್ಲಿ ಎರಡು ಪೆಟ್ಟಿಗೆ ಪಾತ್ರೆ ಇಡಲು ಹೊರಟಿದ್ದಳು. ಕಾರಿನೊಳಗಿನ ಸಾಮಾನಿಗೆ ಕಂಪೆನಿ ಜವಾಬ್ದಾರಿಯಲ್ಲ ಎಂದು ಒಪ್ಪಂದದಲ್ಲೇ ಇದ್ದುದರಿಂದ ಬೇಡವೆಂದೆ. ಅವಳಿಗೆ ಸಿಟ್ಟು ಬಂದದ್ದು ಊರು ಮುಟ್ಟುವವರೆಗೂ ಇಳಿಯಲಿಲ್ಲ.

ಆ ಗಡಿಬಿಡಿಯಲ್ಲಿ ಎರಡು ತಪ್ಪು ಮಾಡಿದೆ. ಗಾಜಿಗೆ ಅಂಟಿಸಿದ ಫಾಸ್ಟ್ಯಾಗನ್ನು ಹಾಗೆಯೇ ಬಿಟ್ಟೆ. ಬಿಲ್ಟಿಯಲ್ಲಿ ತುಂಬಿಸಿದ ವಿವರಗಳನ್ನು ಓದದೆ ಅದನ್ನು ಮಡಚಿ ಚೀಲಕ್ಕೆ ಹಾಕಿಕೊಂಡೆ. ಎರಡೂ ಆಮೇಲೆ ಕತೆಯಾದವು, ಒಂದು ಒಳ್ಳೆಯದಕ್ಕೆ, ಇನ್ನೊಂದು ಕೆಟ್ಟದ್ದಕ್ಕೆ.

ಓಖಾ–ಎರ್ನಾಕುಲಂ ರೈಲಿನಲ್ಲಿ ಕಾಸರಗೋಡಿಗೆ ಬಂದಿಳಿದು ಮನೆ ಸೇರಿದೆವು. ವಾರ ಕಳೆದರೂ ಕಾರು ವಡೋದರದ ಯಾರ್ಡಿನಿಂದ ಕದಲಲಿಲ್ಲ. ಕಾರಣ ಕೇಳಿದರೆ ದಿನಕ್ಕೊಂದು. ನಿಜವಾದ ಕಾರಣ ಕಂಪೆನಿಯ ಮೇಲ್ವಿಚಾರಕರೊಬ್ಬರ ಬಾಯಿಂದ ಬಂತು: ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿತ್ತು, ಅದರ ಬೆನ್ನಿಗೆ ನವರಾತ್ರಿ, ದೀಪಾವಳಿ, ದೇಶದಲ್ಲಿರುವ ಟ್ರೇಲರುಗಳೆಲ್ಲ ಹೊಸ ಕಾರುಗಳನ್ನು ಶೋರೂಮುಗಳಿಗೆ ಹೊರುವುದರಲ್ಲಿ ತೊಡಗಿದ್ದವು. ಒಂದೇ ಹಳೆಯ ಕಾರಿನ ಗಿರಾಕಿಯನ್ನು ಯಾರು ಕೇಳುತ್ತಾರೆ? ಹಬ್ಬದ ತಿಂಗಳಿನಲ್ಲಿ, ಅಂದರೆ ದಸರೆಯಿಂದ ದೀಪಾವಳಿಯವರೆಗೆ, ಈ ಕೆಲಸಕ್ಕೆ ಕೈಹಾಕದಿರುವುದು ಮೇಲು. ಅಮ್ಮ ದಿನಾ ಬೆಳಗ್ಗೆ ಕಾಪಿ ಕೊಡುವಾಗ ‘ಕಾರು ಎಲ್ಲಿಗೆ ಮುಟ್ಟಿತು?’ ಎಂದು ಕೇಳುತ್ತಿದ್ದಳು. ಹೊರಟೇ ಇಲ್ಲ ಎನ್ನಲು ನಾಚಿಕೆಯಾಗಿ ‘ದಾರಿಯಲ್ಲಿದೆ’ ಎನ್ನುತ್ತಿದ್ದೆ.

ಅಕ್ಟೋಬರ್ 12ರ ನಡುರಾತ್ರಿ 1.40ಕ್ಕೆ ಫೋನು ಸದ್ದು ಮಾಡಿತು. ವಡೋದರದಿಂದ ದಕ್ಷಿಣಕ್ಕೆ ಕರ್ಜಣದ ಟೋಲಿನಲ್ಲಿ ನನ್ನ ಫಾಸ್ಟ್ಯಾಗಿನಿಂದ ಹಣ ಕಡಿತವಾಗಿದೆ ಎಂಬ ಸಂದೇಶ. ಎದೆ ಧಸಕ್ಕೆಂದಿತು. ಕಾರನ್ನು ಯಾರೋ ಓಡಿಸಿಕೊಂಡು ಹೋಗುತ್ತಿದ್ದಾರೆ ಎಂದೇ ತಿಳಿದು ಬೆಳಗಾಗುವವರೆಗೆ ಜಗಲಿಯಲ್ಲಿ ಕುಳಿತೆ. ಬೆಳಗ್ಗೆ ಕಂಪೆನಿಯವರು ‘ಟ್ರೇಲರಿನ ಮೇಲೆಯೇ ಇದೆ, ಟೋಲಿನ ಯಂತ್ರ ನಿಮ್ಮ ಟ್ಯಾಗನ್ನೂ ಓದಿಬಿಟ್ಟಿದೆ’ ಎಂದರು. ನಂಬಿಕೆ ಬಾರದೆ ಫೋಟೋ ಕೇಳಿದೆ. ಫೋಟೋ ಬಂತು. ಕಾರು ಟ್ರೇಲರಿನ ಮೇಲೆಯೇ ಇತ್ತು, ಬೆಲ್ಟು ಬಿಗಿದು, ಗಾಲಿಗಳಿಗೆ ಅಡ್ಡ ಕೊಟ್ಟು, ಕ್ರಮಬದ್ಧವಾಗಿ. ಆದರೆ ಟ್ರೇಲರ್ ತೆರೆದದ್ದು! ನಾನು ಹಣ ಕೊಟ್ಟದ್ದು ಮುಚ್ಚಿದ ಕಂಟೈನರಿಗೆ. ಕಬ್ಬಿಣದ ಪೆಟ್ಟಿಗೆಯೊಳಗಿದ್ದಿದ್ದರೆ ಟೋಲಿನ ಯಂತ್ರಕ್ಕೆ ಟ್ಯಾಗು ಸಿಗುತ್ತಲೇ ಇರಲಿಲ್ಲ. ಹಾಗೆ ನನ್ನ ಮರೆವೇ ಅವರ ಮಾತು ತಪ್ಪಿದ್ದನ್ನು ಹಿಡಿದುಕೊಟ್ಟಿತು. ‘ಕಂಟೈನರ್ ಸಿಗಲಿಲ್ಲ, ನಿಮಗೆ ತಡವಾಗಬಾರದೆಂದು ಹೀಗೆ ಮಾಡಿದೆವು’ ಎಂಬ ಸಮಜಾಯಿಷಿ ಬಂತು. ಒಂಬತ್ತು ದಿನ ಯಾರ್ಡಿನಲ್ಲಿ ಕೊಳೆಯಿಸಿದವರ ಬಾಯಲ್ಲಿ ಆ ಮಾತು! ದರದ ವ್ಯತ್ಯಾಸ 2,500 ಮತ್ತು ಅದರ ಮೇಲಿನ ಜಿಎಸ್‌ಟಿ 450, ಒಟ್ಟು 2,950 ರೂಪಾಯಿಯನ್ನು ಕೊನೆಯ ಕಂತಿನಲ್ಲಿ ಕಳೆಯುತ್ತೇನೆಂದು ಅಂದೇ ಬರೆದು ಕಳಿಸಿದೆ.

ಮುಂದಿನ ದಿನಗಳಲ್ಲಿ ಟೋಲಿನ ಸಂದೇಶಗಳೇ ನನಗೆ ದಾರಿಯ ಸುದ್ದಿಯಾದವು. ಚಾರೋಟಿ, ಖೇಡ್ ಶಿವಾಪುರ, ತಾಸವಡೆ, ಆಮೇಲೆ ಗಡಿ ದಾಟಿ ಕೊಗನೊಳ್ಳಿ. ಟೋಲಿನಲ್ಲಿ ಅನ್ಯಾಯವಾಗಿ ಹೋದದ್ದು ಐನೂರು ರೂಪಾಯಿಯ ಆಸುಪಾಸು; ಹೆದ್ದಾರಿ ಸಹಾಯವಾಣಿ 1033ಕ್ಕೆ ದೂರು ಕೊಟ್ಟು, ಟ್ಯಾಗು ನೀಡಿದ ಬ್ಯಾಂಕಿಗೂ ಬಿಲ್ಟಿಯ ಪ್ರತಿ ಕಳಿಸಿದ ಮೇಲೆ ಅದರಲ್ಲಿ ಹೆಚ್ಚಿನದು ಹಿಂದೆ ಬಂತು. ಇದು ಬೇಡವೆನ್ನುವವರು ಟ್ಯಾಗಿನ ಮೇಲೆ ಅಲ್ಯುಮಿನಿಯಂ ಹಾಳೆ ಅಂಟಿಸಿ ಕಳಿಸಬಹುದು. ಕಿತ್ತರೆ ಅದು ಹರಿದುಹೋಗಿ ಮತ್ತೆ ಕೆಲಸಕ್ಕೆ ಬಾರದು. ನಾನಾದರೆ ಇನ್ನೊಮ್ಮೆಯೂ ಬಿಟ್ಟೇ ಕಳಿಸುವೆನು.

ಕೊಗನೊಳ್ಳಿಯ ಸಂದೇಶ ಬಂದ ದಿನ ನಾವೆಲ್ಲ ಹಿಗ್ಗಿದೆವು. ಹುಬ್ಬಳ್ಳಿಯಿಂದ ಅಂಕೋಲಕ್ಕೆ ಇಳಿದರೆ ಮತ್ತೆ ಕರಾವಳಿಯ ನೇರ ದಾರಿ. ಆದರೆ ಕಾರ್ ಟ್ರೇಲರುಗಳು ಹಾಗೆ ಹೋಗುವುದಿಲ್ಲ. ದೊಡ್ಡ ಊರಿನಿಂದ ದೊಡ್ಡ ಊರಿನ ಯಾರ್ಡಿಗೆ ಸಾಗಿಸಿ, ಅಲ್ಲಿ ಇಳಿಸಿ, ಮುಂದಿನ ಊರಿಗೆ ಸಾಕಷ್ಟು ಕಾರುಗಳು ಸೇರಿದ ಮೇಲೆ ಇನ್ನೊಂದು ಟ್ರೇಲರಿಗೆ ಏರಿಸುತ್ತಾರೆ. ಅಕ್ಟೋಬರ್ 16ರಂದು ನನ್ನ ಕಾರು ಬೆಂಗಳೂರಿನ ಹೊರಗೆ ನೆಲಮಂಗಲದ ಯಾರ್ಡಿನಲ್ಲಿ ಇಳಿಯಿತು. ಅಲ್ಲಿಗೆ ಸಂದೇಶಗಳು ನಿಂತವು. ದೀಪಾವಳಿ ಬಂತು. ಚಾಲಕರು ಹೆಚ್ಚಿನವರೂ ಉತ್ತರದ ಕಡೆಯವರು. ಹಬ್ಬಕ್ಕೆ ಊರಿಗೆ ಹೋದವರಲ್ಲಿ ಬಿಹಾರದವರು ಛಠ್ ಪೂಜೆ ಮುಗಿಸದೆ ಬರುವವರಲ್ಲ. ಅದನ್ನು ದೂರುವ ಮನಸ್ಸು ನನಗೂ ಇರಲಿಲ್ಲ, ನಾನೂ ಇಪ್ಪತ್ತೆರಡು ವರ್ಷ ಹಬ್ಬಕ್ಕೆ ರಜೆ ಕಾದವನೇ.

ಆದರೂ ಏನೋ ಸರಿಯಿಲ್ಲ ಎನಿಸಿತು. ಬೆಂಗಳೂರಿನಲ್ಲಿರುವ ಅಕ್ಕನ ಮಗನಿಗೆ ಹೇಳಿದೆ. ಅವನು 26ರ ಭಾನುವಾರ ನೆಲಮಂಗಲಕ್ಕೆ ಹೋಗಿ, ಕಾವಲುಗಾರನನ್ನು ಒಲಿಸಿ ಒಳಹೊಕ್ಕು, ದೂಳು ಮುಚ್ಚಿದ ಕಾರನ್ನು ಹುಡುಕಿ ಅಲ್ಲಿಂದಲೇ ಫೋನು ಮಾಡಿದ. ‘ಮಾವ, ಕಾರೇನೋ ಚೆನ್ನಾಗಿದೆ. ಆದರೆ ಇದನ್ನು ಕೊಚ್ಚಿಯ ಸಾಲಿನಲ್ಲಿ ನಿಲ್ಲಿಸಿದ್ದಾರೆ. ಗಾಜಿನ ಮೇಲಿನ ಚೀಟಿಯಲ್ಲೂ ಕೊಚ್ಚಿ ಎಂದೇ ಇದೆ.’

ಚೀಲದಿಂದ ಬಿಲ್ಟಿಯನ್ನು ತೆಗೆದು ಓದಿದೆ. ತಲುಪಬೇಕಾದ ಊರಿನ ಜಾಗದಲ್ಲಿ ‘ಮಂಗಳೂರು, ಕೇರಳ’ ಎಂದು ಅಚ್ಚಾಗಿತ್ತು. ಊರನ್ನು ನಾನು ಹೇಳಿದಂತೆ ಬರೆದಿದ್ದರು, ರಾಜ್ಯವನ್ನು ನನ್ನ ಆಧಾರ್ ಕಾರ್ಡಿನಿಂದ ಎತ್ತಿದ್ದರು. ನೆಲಮಂಗಲದಲ್ಲಿ ವಿಂಗಡಿಸಿದವನು ರಾಜ್ಯವನ್ನು ನೋಡಿ ಕೇರಳದ ಸಾಲಿಗೆ ಹಾಕಿದ್ದ. ಕೊಚ್ಚಿಯ ಟ್ರೇಲರಿಗೆ ಇನ್ನೆರಡು ಕಾರು ಕಡಿಮೆ ಬಿದ್ದದ್ದರಿಂದ ಅದು ಹೊರಟಿರಲಿಲ್ಲ, ಅಷ್ಟೇ. ಹತ್ತು ದಿನ ನನ್ನ ಕಾರು ತಪ್ಪು ಸಾಲಿನಲ್ಲಿ ನಿಂತು ಕಾಯುತ್ತಿತ್ತು. ತಪ್ಪು ಅವರದಾದರೂ ಕಾಗದ ನನ್ನ ಕೈಯಲ್ಲೇ ಇತ್ತಲ್ಲ ಎಂಬ ಸಂಕಟಕ್ಕೆ ಅಂದು ಊಟ ಸೇರಲಿಲ್ಲ. ಬಿಲ್ಟಿಯಲ್ಲಿ ಕಳುಹಿಸುವವರ ವಿಳಾಸ, ಪಡೆಯುವವರ ವಿಳಾಸ, ವಿಲೇವಾರಿಯ ಸ್ಥಳ ಮೂರೂ ಬೇರೆ ಬೇರೆ ಕಂಡಿಕೆಗಳು. ಗಡಿಯಲ್ಲಿರುವ ನಮಗೆ ಎರಡನೆಯದರಲ್ಲಿ ಕೇರಳ, ಮೂರನೆಯದರಲ್ಲಿ ಕರ್ನಾಟಕ ಎಂದೇ ಇರಬೇಕು. ಅದನ್ನು ಬೆರಳಿಟ್ಟು ಓದಿ ನೋಡದೆ ಕೀಲಿ ಕೊಡಬಾರದು.

ಕಂಪೆನಿಯವರು ಮೊದಲು, ಬೇಕಿದ್ದರೆ ನೆಲಮಂಗಲದಿಂದಲೇ ಎತ್ತಿಕೊಂಡು ಹೋಗಿ ಎಂದರು. ಉಳಿದ ಬಾಡಿಗೆಯನ್ನು ಬಿಡುತ್ತೀರಾ ಎಂದು ಕೇಳಿದರೆ ಉತ್ತರವಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ದಾಖಲಿಸಿ, ಅದರ ಸಂಖ್ಯೆಯನ್ನು ಹಾಕಿ ಮಿಂಚಂಚೆ ಕಳಿಸಿದ ಎರಡನೆಯ ದಿನ ತಿದ್ದಿದ ಬಿಲ್ಟಿ ಬಂತು. ನಷ್ಟ ದೊಡ್ಡದಾಗಿದ್ದು ನ್ಯಾಯಾಲಯಕ್ಕೆ ಹೋಗಬೇಕಾದರೆ ಸರಕು ಕಾಯ್ದಿರಿಸಿದ ದಿನದಿಂದ 180 ದಿನಗಳೊಳಗೆ ಸಾಗಾಟದವರಿಗೆ ಲಿಖಿತ ನೋಟಿಸು ಕೊಟ್ಟಿರಬೇಕೆಂದು 2007ರ ಕಾಯ್ದೆಯಲ್ಲಿದೆ; ಅಷ್ಟರವರೆಗೆ ಹೋಗುವ ಪ್ರಸಂಗ ನನಗೆ ಬರಲಿಲ್ಲ.

ನವೆಂಬರ್ 1ರ ರಾತ್ರಿ ಹೊರಟ ಟ್ರೇಲರ್ ಹಾಸನ, ಸಕಲೇಶಪುರದ ಮೂಲಕ ಶಿರಾಡಿ ಇಳಿದು ಸೋಮವಾರ ಬೆಳಗ್ಗೆ ಬೈಕಂಪಾಡಿಗೆ ಬಂತು. ಭಾವನವರನ್ನು ಜೊತೆಗೆ ಕರೆದುಕೊಂಡು ಹೋದೆ. ಮನೆಯವರೆಗೆ ಓಡಿಸುವವರೂ ಅವರೇ. ಚಾಲಕ ರಾಜಸ್ಥಾನದ ಕಡೆಯವನು, ರಾತ್ರಿಯಿಡೀ ನಿದ್ದೆಯಿಲ್ಲದೆ ಕಣ್ಣು ಕೆಂಪಾಗಿತ್ತು. ಕಾರು ಇಳಿಸಿದರೆ ಸ್ಟಾರ್ಟ್ ಆಗಲಿಲ್ಲ. ತಿಂಗಳು ನಿಂತು ಬ್ಯಾಟರಿ ಸತ್ತಿತ್ತು. ನಾಲ್ಕು ಜನ ಸೇರಿ ಇಳಿಜಾರಿನ ಹಲಗೆಯ ಮೇಲಿಂದ ಅದನ್ನು ಹಿಂದಕ್ಕೆ ಬಿಟ್ಟೆವು. ಪಕ್ಕದ ಗ್ಯಾರೇಜಿನವರು ಬೇರೆ ಬ್ಯಾಟರಿಯಿಂದ ತಂತಿ ಕೊಟ್ಟು ಎಬ್ಬಿಸಿ ನಾನೂರು ರೂಪಾಯಿ ತೆಗೆದುಕೊಂಡರು.

‘ಮೊದಲು ಸಹಿ ಹಾಕಿ, ನನಗೆ ಹೊತ್ತಾಗುತ್ತದೆ’ ಎಂದು ಚಾಲಕ ಅವಸರಪಡಿಸಿದ. ಸಹಿಯ ಮೊದಲು ಕಾರಿಗೆ ಒಂದು ಬಾಲ್ದಿ ನೀರು ಹೊಯ್ದು ನೋಡಿದೆವು. ಹಿಂದಿನ ಬಂಪರಿನ ಎಡಮೂಲೆಯಲ್ಲಿ ಗೇಣುದ್ದದ ಗೀರು, ಮೀಟರಿನಲ್ಲಿ 48,271. ಐವತ್ತೊಂಬತ್ತು ಕಿಲೋಮೀಟರ್ ಹೆಚ್ಚಾದದ್ದು ಮನೆಯಿಂದ ಯಾರ್ಡಿಗೆ ಹೋದ ದಾರಿ, ಯಾರ್ಡಿನೊಳಗಿನ ಓಡಾಟ ಎಂದು ಒಪ್ಪಬಹುದಾದದ್ದೇ. ಗೀರು ಮಾತ್ರ ವಡೋದರದ ಫೋಟೋದಲ್ಲಿ ಇರಲಿಲ್ಲ. ‘ನಾನು ಬೆಂಗಳೂರಿನಿಂದ ಮಾತ್ರ ತಂದವನು, ಅದಕ್ಕೆ ಮೊದಲಿನದು ನನಗೆ ಗೊತ್ತಿಲ್ಲ ಸಾಹೇಬರೇ’ ಎಂದು ಅವನು ಕೈಮುಗಿದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ನಡುವೆ ಕಾರು ಎಷ್ಟು ಕೈ ದಾಟಿದೆಯೋ. ಅವನನ್ನು ಪೀಡಿಸದೆ, ವಿಲೇವಾರಿ ಪಟ್ಟಿಯಲ್ಲಿ ಗೀರಿನ ವಿವರ, ತೆರೆದ ಟ್ರೇಲರಿನ ವಿಷಯ, ಬಂದು ಮುಟ್ಟಿದ ದಿನಾಂಕ ಮೂರನ್ನೂ ಬರೆದು ಇಬ್ಬರೂ ಸಹಿ ಹಾಕಿದೆವು. ಆಮೇಲೆ ಕಂಪೆನಿಯೊಡನೆ ಒಂದು ಗಂಟೆ ಫೋನು. ಉಳಿದಿದ್ದ 11,505ರಲ್ಲಿ ಟ್ರೇಲರಿನ 2,950, ಗೀರಿಗೆ 1,500 ಕಳೆದು 7,055 ರೂಪಾಯಿ ಕೊಟ್ಟೆ. ಬಂಪರಿಗೆ ಬಣ್ಣ ಹೊಡೆಸಲು 2,800 ತಗಲಿತು, ಇರಲಿ. ಅರ್ಧ ಹಣ ಕೈಯಲ್ಲಿ ಇರದಿದ್ದರೆ ಆ ಒಂದು ಗಂಟೆಯ ಮಾತಿಗೆ ಯಾರೂ ಸಿಗುತ್ತಿರಲಿಲ್ಲ.

ತಲಪಾಡಿ ದಾಟುವಾಗ ಟೋಲಿನ ಸಂದೇಶ ಬಂತು. ಈ ಸಲ ಕಾರಿನೊಳಗೆ ನಾನೇ ಇದ್ದೆ. ಅಲ್ಲಿಂದ ಕುಂಬಳೆಯವರೆಗೆ ಆರು ಪಥದ ಹೊಸ ಹೆದ್ದಾರಿ, ಮತ್ತೆ ಸೀತಾಂಗೋಳಿಯ ದಾರಿಯಾಗಿ ಬದಿಯಡ್ಕ. ಅಮ್ಮ ಅಂಗಳದಲ್ಲಿ ನಿಂತು, ಒಣಹಾಕಿದ್ದ ಅಡಿಕೆಯನ್ನು ಬದಿಗೆ ಸರಿಸಿ ಕಾರಿಗೆ ಜಾಗ ಮಾಡಿಸಿದಳು.

ಉಳಿದದ್ದು ವಿದ್ಯಾನಗರದ ಆರ್‌ಟಿಓ. ಎನ್‌ಓಸಿ ಸರಿಯಾಗಿದ್ದುದರಿಂದ ಅಲ್ಲಿ ಹೆಚ್ಚು ಬವಣೆಯಾಗಲಿಲ್ಲ. ತೆರಿಗೆಯನ್ನು ಕಾರಿನ ಮೂಲ ಬೆಲೆ ಮತ್ತು ಪ್ರಾಯ ನೋಡಿ ಹಾಕುವುದರಿಂದ 2018ರ ಖರೀದಿಯ ಬಿಲ್ಲನ್ನು ಕೇಳಿದರು; ಗಾಡಿ ಯಾವಾಗ ರಾಜ್ಯದೊಳಗೆ ಬಂತು ಎಂಬುದಕ್ಕೆ ಆ ಬಿಲ್ಟಿಯನ್ನೇ ತೋರಿಸಿದೆ. ತಕರಾರು ಬಂದದ್ದು ಊರಿನ ಹೆಸರಿನಲ್ಲಿ. ಆಧಾರಿನಲ್ಲಿ ನಾವು ಬರೆಯುವಂತೆ ‘ಬದಿಯಡ್ಕ’, ವಿದ್ಯುತ್ ಬಿಲ್ಲಿನಲ್ಲಿ ಮಲಯಾಳದ ಉಚ್ಚಾರಕ್ಕೆ ಸರಿಯಾಗಿ ‘ಬದಿಯಡುಕ್ಕ’. ಎರಡೂ ಒಂದೇ ಊರೆಂದು ಗ್ರಾಮ ಕಚೇರಿಯಿಂದ ಪತ್ರ ತಂದುಕೊಟ್ಟ ಮೇಲೆ ಅರ್ಜಿ ಮುಂದೆ ಹೋಯಿತು. ಮೂರು ವಾರದಲ್ಲಿ ಕೆಎಲ್ 14ರ ಸಂಖ್ಯೆ ಸಿಕ್ಕಿತು. ವಿಮೆಗೂ ಫಾಸ್ಟ್ಯಾಗಿಗೂ ಹೊಸ ಸಂಖ್ಯೆಯನ್ನು ತಿಳಿಸಿಯಾಗಿದೆ. ಗುಜರಾತಿನಲ್ಲಿ ಕಟ್ಟಿದ್ದ ಆಜೀವ ತೆರಿಗೆಯ ಉಳಿದ ಪಾಲನ್ನು ಹಿಂದೆ ಕೊಡಿರೆಂಬ ಅರ್ಜಿಯನ್ನು, ಹೊಸ ಆರ್‌ಸಿಯ ಪ್ರತಿಯೊಂದಿಗೆ, ವಡೋದರಕ್ಕೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದ್ದೇನೆ. ಲಕೋಟೆಯ ಮೇಲೆ ನನ್ನ ವಿಳಾಸ ಬರೆದ ಮೇಲೆ ಪಿನ್ ಕೋಡನ್ನೂ ರಾಜ್ಯವನ್ನೂ ಎರಡೆರಡು ಸಲ ಓದಿ ನೋಡಿದೆ.